ಕನ್ನಂಬಾಡಿ ಕಟ್ಟೆಯಿಂದ ಹಾಲು ಬಂತೇ? ಒಂದು ಮುನ್ನುಡಿಯ ಮೊದಲ ಸಾಲಿನ ತಕರಾರು

ನಾಲೆಬದಿಯವನು

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ನಮ್ಮೂರಿನ ಹಾಲು ಉತ್ಪಾದಕರ ಸಂಘ ಒಂದು ಸ್ಮರಣ ಸಂಚಿಕೆ ತರುತ್ತಿದೆ. ನಾಲ್ಕಕ್ಷರ ಬರೆಯುತ್ತಾನೆ ಎಂಬ ಒಂದೇ ಅಪರಾಧಕ್ಕೆ ಮುನ್ನುಡಿಯ ಕೆಲಸ ನನ್ನ ತಲೆಗೆ ಬಿದ್ದಿದೆ. ಮೊದಲ ಸಾಲನ್ನು ಅಧ್ಯಕ್ಷರೇ ಹೇಳಿ ಬರೆಸಿದ್ದಾರೆ: "ಕನ್ನಂಬಾಡಿ ಕಟ್ಟೆಯ ನೀರೇ ನಮ್ಮ ಮನೆಗಳಲ್ಲಿ ಹಾಲಾಗಿ ಹರಿಯಿತು."

ಓದುವುದಕ್ಕೆ ಸೊಗಸಾಗಿದೆ. ಆದರೆ ನನ್ನ ಅಜ್ಜಿಗೆ ಓದಿ ಹೇಳಿದರೆ ಅವರು ನಕ್ಕುಬಿಟ್ಟರು. "ನಾನು ಮದುವೆಯಾಗಿ ಈ ಊರಿಗೆ ಬಂದಾಗ ನಾಲೆ ಇತ್ತು, ಗದ್ದೆ ಇತ್ತು, ಕಬ್ಬೂ ಇತ್ತು. ಮಜ್ಜಿಗೆಗೆ ಮಾತ್ರ ತತ್ವಾರ. ಹಾಲು ಬಂದದ್ದು ಡೇರಿ ಬಂದ ಮೇಲೆ" ಎನ್ನುತ್ತಾರೆ. ಯಾರ ಮಾತು ಸರಿ? ಮುಂದಿನ ವಾರ ಅಚ್ಚಿಗೆ ಹೋಗಬೇಕು. ಬಲ್ಲವರು ತಿಳಿಸಿ.

ಕುಷ್ಕಿ ಹೊಲ

ಅಜ್ಜಿಯ ಮಾತನ್ನೇ ಅಚ್ಚು ಹಾಕಿಸಿ, ಅಧ್ಯಕ್ಷರ ಸಾಲು ಬೇಡ. ನಾನು ನಾಗಮಂಗಲದ ಕಡೆಯವನು. ನಮ್ಮ ಹೊಲಕ್ಕೆ ನಾಲೆ ಇಲ್ಲ, ಗದ್ದೆ ಎಂಬುದನ್ನು ನೆಂಟರ ಊರಿನಲ್ಲಿ ನೋಡಿದ್ದೇವೆ. ರಾಗಿ, ಹುರುಳಿ, ಅವರೆ, ಇಷ್ಟೇ ನಮ್ಮ ಸಂಪತ್ತು. ಆದರೂ ಬೆಳಿಗ್ಗೆ ಆರಕ್ಕೆ ನಮ್ಮೂರ ಡೇರಿಯ ಮುಂದೆ ಬಂದು ನಿಂತು ಕ್ಯಾನು ಎಣಿಸಿ, ಆಮೇಲೆ ಮಾತನಾಡಿ.

ಹಾಲಿನ ಕ್ಯಾನು

ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿಯುವ ಹೊತ್ತಿಗೆ 1930ರ ದಶಕ ಕಾಲಿಟ್ಟಿತ್ತು. ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮ ಬಂದದ್ದು 1974ರಲ್ಲಿ, ಹಾಲು ಮಹಾಮಂಡಳ ಆದದ್ದು 1984ರಲ್ಲಿ. ಮಧ್ಯದ ನಲವತ್ತು ವರ್ಷ ಆ ಹಾಲು ಎಲ್ಲಿ ಹರಿಯುತ್ತಿತ್ತು ಎಂದು ಅಧ್ಯಕ್ಷರನ್ನು ಕೇಳಿ ನೋಡಿ.

ತೂಬಿನ ಲೆಕ್ಕ

ನಾನು ನೀರಾವರಿ ಕೆಲಸದಲ್ಲಿದ್ದು ನಿವೃತ್ತನಾದವನು. ಎರಡೂ ಕಡೆಯವರು ಅರ್ಧ ಅರ್ಧ ಸತ್ಯ ಹಿಡಿದು ಎಳೆದಾಡುತ್ತಿದ್ದೀರಿ.

ಮೊದಲಿಗೆ, ಕನ್ನಂಬಾಡಿ ಕಟ್ಟೆಯನ್ನು, ಅಂದರೆ ಕೃಷ್ಣರಾಜಸಾಗರವನ್ನು, ಬರೀ ಗದ್ದೆಗಾಗಿ ಕಟ್ಟಲಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಬಡವಾದರೆ ಗಣಿಯ ಯಂತ್ರಗಳೂ ಬಡವಾಗುತ್ತಿದ್ದವು. ಅದಕ್ಕೆ ನೀರು ಕೂಡಿಡಬೇಕಿತ್ತು. ಅದರ ಜೊತೆಗೆ ನೀರಾವರಿಯೂ ಇರಲಿ ಎಂದು ವಿಶ್ವೇಶ್ವರಯ್ಯನವರು ದೊಡ್ಡ ಕಟ್ಟೆಯ ಯೋಜನೆ ಮುಂದಿಟ್ಟರು. ಮದ್ರಾಸು ಸರ್ಕಾರ ತಕರಾರು ಎತ್ತಿದ್ದರಿಂದ ಮೊದಲು ಸಣ್ಣ ಎತ್ತರಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ತಳಪಾಯವನ್ನು ಮಾತ್ರ ಅವರು ಪೂರ್ತಿ ಎತ್ತರದ ಲೆಕ್ಕದಲ್ಲೇ ಹಾಕಿಸಿದರು. ಧೈರ್ಯ ಅಂದರೆ ಅದು. 1924ರ ಒಪ್ಪಂದದ ಮೇಲೆ ದಾರಿ ಸುಗಮವಾಯಿತು. ಹುಲಿಕೆರೆ ಸುರಂಗ ಕೊರೆದು ಇರ್ವಿನ್ ನಾಲೆ ಮಂಡ್ಯದ ಕಡೆ ಹರಿಯಿತು. ಈಗಿನ ವಿಶ್ವೇಶ್ವರಯ್ಯ ನಾಲೆ ಅದೇ.

ಎರಡನೆಯದು, ಆಗ ಯಾರೂ ಹಾಲಿನ ಬಗ್ಗೆ ಯೋಚಿಸಿರಲಿಲ್ಲ. ಯೋಚಿಸಿದ್ದು ಸಕ್ಕರೆಯ ಬಗ್ಗೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದೆ ನಿಂತು ದುಡಿದರು. ನಾಲೆ, ಕಬ್ಬು, ಕಾರ್ಖಾನೆ ಮೂರೂ ಒಂದೇ ಬಿಗಿಯಲ್ಲಿ ಬಂದವು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು.

ಕೋಲಾರದ ಬೋರು

ಹಾಗಾದರೆ ಆ ಕಟ್ಟೆಗೆ ಮೂಲ ಕಾರಣ ನಾವೇ! ಕಾವೇರಿಯ ಕರೆಂಟು ನೂರಿಪ್ಪತ್ತು ವರ್ಷದ ಹಿಂದೆಯೇ ನಮ್ಮ ಜಿಲ್ಲೆಗೆ ಬಂತು, ಕಾವೇರಿಯ ನೀರು ಮಾತ್ರ ಇನ್ನೂ ದಾರಿಯಲ್ಲೇ ಇದೆ. 🙂

ಚೇಷ್ಟೆ ಬಿಟ್ಟು ಹೇಳುವುದಾದರೆ, ಅಧ್ಯಕ್ಷರ ಸಾಲನ್ನು ತಳ್ಳಿಹಾಕಲು ನಮ್ಮ ಜಿಲ್ಲೆಯೊಂದೇ ಸಾಕು. ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ಅಣೆಕಟ್ಟು, ನಾಲೆ ಎನ್ನುವುದೆಲ್ಲ ನಮಗೆ ಪಠ್ಯಪುಸ್ತಕದ ಮಾತು. ಇರುವುದು ಕೆರೆಗಳು, ಅವೂ ಬಹುಕಾಲ ಒಣಗಿದ್ದವು. ಕೊಳವೆಬಾವಿ ಸಾವಿರದ ಇನ್ನೂರು ಅಡಿ ಇಳಿದರೂ ನೀರಿನ ಬದಲು ಬಿಳಿ ಧೂಳು ಬಂದದ್ದನ್ನು ನಮ್ಮ ತೋಟದಲ್ಲೇ ನಿಂತು ನೋಡಿದ್ದೇನೆ. ಆದರೂ ಹಾಲು ಮತ್ತು ರೇಷ್ಮೆ ಎಂದರೆ ಕೋಲಾರ. ನೀರಿಲ್ಲದ್ದರಿಂದಲೇ ಹಸು ಕಟ್ಟಿದೆವು. ಬೆಳೆ ಕೈಕೊಟ್ಟರೂ ಹಸು ಅಷ್ಟೋ ಇಷ್ಟೋ ಕೊಡುತ್ತದೆ ಎಂಬ ಧೈರ್ಯ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪನ್ನೂ ಹಸುವಿಗೇ ಹಾಕುತ್ತೇವೆ.

ಗದ್ದೆ ಗೌಡ

ಕೋಲಾರದವರೇ, ಈಗ ನಿಮ್ಮ ಕೆರೆಗಳಲ್ಲಿ ನೀರಿದೆಯಲ್ಲ? 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು ಬರುತ್ತಿದೆ. ಅದೂ ನೀರಾವರಿಯೇ.

ಕೋಲಾರದ ಬೋರು

ಬರುತ್ತಿದೆ, ಅಂತರ್ಜಲ ಮೇಲೆದ್ದಿದೆ, ಸುಳ್ಳು ಹೇಳುವುದಿಲ್ಲ. ಬತ್ತಿದ್ದ ಬೋರುಗಳಲ್ಲಿ ನೀರು ಬಂದಿದೆ. ಆದರೆ ಎರಡೇ ಹಂತದ ಶುದ್ಧೀಕರಣ, ಮೂರನೆಯದೂ ಆಗಬೇಕು ಎಂಬ ಜಗಳ ಮುಗಿದಿಲ್ಲ. ಆ ನೀರಿನ ಪ್ರಭಾವದಲ್ಲಿ ಬೆಳೆದ ನೇಪಿಯರ್ ಹುಲ್ಲನ್ನು ಹಸುವಿಗೆ ಹಾಕುವಾಗ ನಮ್ಮ ತಂದೆ ಇವತ್ತಿಗೂ ಒಮ್ಮೆ ಮೂಸಿ ನೋಡುತ್ತಾರೆ. ಅದಿರಲಿ, ನಮ್ಮ ಡೇರಿಗಳು ಆ ನೀರಿಗಿಂತ ನಲವತ್ತು ವರ್ಷ ಹಳೆಯವು. ವಾದ ಅಲ್ಲಿಗೆ ಮುಗಿಯಿತು.

ಗದ್ದೆ ಗೌಡ

ಮುಗಿಯಲಿಲ್ಲ. ನಾಲೆ ಇಲ್ಲದೆ ಮೇವು ಎಲ್ಲಿಂದ? ನಮ್ಮ ಮನೆಯಲ್ಲಿ ನಾಲ್ಕು ಸೀಮೆಹಸು ಇವೆ. ಬೇಸಿಗೆಯಲ್ಲಿ ಕಬ್ಬಿನ ಸೋಗೆ, ವರ್ಷವಿಡೀ ಭತ್ತದ ಹುಲ್ಲು, ಬದುವಿನ ಹಸಿ ಹುಲ್ಲು. ಒಂದು ರೂಪಾಯಿ ಕೊಟ್ಟು ಮೇವು ತಂದವನಲ್ಲ ನಾನು. ಒಂದು ಸೀಮೆಹಸು ಬಿಸಿಲುಗಾಲದಲ್ಲಿ ಎಷ್ಟು ಬಿಂದಿಗೆ ನೀರು ಕುಡಿಯುತ್ತದೆ ಎಂದು ನಾಲೆ ಇಲ್ಲದ ಊರಿನಲ್ಲಿ ಹೊತ್ತು ತಂದವರನ್ನು ಕೇಳಿ. ಅಧ್ಯಕ್ಷರ ಸಾಲು ಸರಿಯಾಗಿದೆ.

ಕೊಟ್ಟಿಗೆ ಡಾಕ್ಟರು

ಪಶುವೈದ್ಯೆಯಾಗಿ ಎರಡು ಮಾತು. ಗೌಡರೇ, ನೀವು ಪುಕ್ಕಟೆ ಎಂದುಕೊಂಡ ಮೇವಿನ ಬಿಲ್ಲು ನನ್ನ ಕೈಯಲ್ಲಿ ಬರುತ್ತದೆ.

ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಅಷ್ಟೇ. ಅದರಲ್ಲಿ ಪ್ರೋಟೀನು ಕಡಿಮೆ, ಮರಳಿನಂಥ ಸಿಲಿಕಾ ಜಾಸ್ತಿ. ಕಬ್ಬಿನ ಸೋಗೆಯನ್ನು ಹಸು ಇಷ್ಟಪಟ್ಟು ತಿನ್ನುತ್ತದೆ, ಆದರೆ ಅದರಲ್ಲಿರುವ ಆಕ್ಸಲೇಟು ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ತಿಂಗಳುಗಟ್ಟಲೆ ಸೋಗೆಯನ್ನೇ ಹಾಕಿ, ಖನಿಜ ಮಿಶ್ರಣ ಕೊಡದೆ, ಕರು ಹಾಕಿದ ಮರುದಿನ ಹಸು ಏಳಲಿಲ್ಲ ಎಂದು ರಾತ್ರಿ ಹನ್ನೊಂದಕ್ಕೆ ನನಗೆ ಫೋನು ಮಾಡುವವರು ನಿಮ್ಮ ನಾಲೆ ಬಯಲಿನವರೇ. ಒಣ ಮೇವಿನಲ್ಲಿ ನಮ್ಮ ಸೀಮೆಗೆ ರಾಗಿ ಹುಲ್ಲಿಗಿಂತ ಒಳ್ಳೆಯದಿಲ್ಲ. ಅದು ಮೆದು, ಸುಣ್ಣದಂಶವೂ ಹೆಚ್ಚು. ಆ ರಾಗಿ ಬೆಳೆಯುವುದೆಲ್ಲಿ? ನಾಗಮಂಗಲದವರ ಕುಷ್ಕಿ ಹೊಲದಲ್ಲಿ!

ನೀರಿನ ವಿಷಯದಲ್ಲಿ ಮಾತ್ರ ಗೌಡರ ಮಾತು ನಿಜ. ಕರಾವಿನ ಮಿಶ್ರತಳಿ ಹಸುವಿಗೆ ದಿನಕ್ಕೆ ಎಪ್ಪತ್ತು–ಎಂಬತ್ತು ಲೀಟರು ಕುಡಿಯುವ ನೀರು ಬೇಕಾಗುತ್ತದೆ, ಬಿಸಿಲು ಹೆಚ್ಚಾದರೆ ಇನ್ನೂ ಜಾಸ್ತಿ. ಮೈ ತೊಳೆಯುವುದು, ಕೊಟ್ಟಿಗೆ ತೊಳೆಯುವುದು ಬೇರೆ.

ಕುಷ್ಕಿ ಹೊಲ

ಡಾಕ್ಟರಮ್ಮ, ನಿಮ್ಮ ಬಾಯಿಗೆ ಸಕ್ಕರೆ. ಮಂಡ್ಯದ ಸಕ್ಕರೆಯೇ ಆಗಲಿ.

ಗದ್ದೆ ಗೌಡ

ಸರಿ ಡಾಕ್ಟರೇ, ಖನಿಜ ಮಿಶ್ರಣ ತರಿಸುತ್ತೇನೆ. ವಾದ ಬಿಟ್ಟುಕೊಟ್ಟೆ ಎಂದು ತಿಳಿಯಬೇಡಿ.

ಭತ್ತದ ಕಣಜ

ತುಂಗಭದ್ರೆಯ ಕಡೆಯಿಂದ ಒಂದು ಸಾಕ್ಷಿ. ನೀರು ಬಂದ ಕಡೆಯೆಲ್ಲ ಹಾಲು ಬರುವುದಾದರೆ ಗಂಗಾವತಿ, ಸಿಂಧನೂರಿನಲ್ಲಿ ಹಾಲಿನ ಹೊಳೆಯೇ ಹರಿಯಬೇಕಿತ್ತು. ಹೊಸಪೇಟೆಯ ಅಣೆಕಟ್ಟು 1953ರಲ್ಲಿ ಆಯಿತು. ಕೃಷ್ಣರಾಜಸಾಗರ 49 ಟಿಎಂಸಿ ಚಿಲ್ಲರೆ, ನಮ್ಮದು ಹೂಳು ತುಂಬಿದ ಮೇಲೂ 105 ಟಿಎಂಸಿ. ನಮ್ಮಲ್ಲಿ ಆದದ್ದೇನು? ಸೋನಾ ಮಸೂರಿ, ಅಕ್ಕಿ ಗಿರಣಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಯೋಜನೆಯ ಕಾಗದದಲ್ಲಿ ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಎಂದಿತ್ತು. ನೀರು ಕಣ್ಣಿಗೆ ಬಿದ್ದ ಮೇಲೆ ಕಾಗದ ಯಾರು ನೋಡುತ್ತಾರೆ? ನಾಲೆಯ ತಲೆಯಲ್ಲಿದ್ದವರು ಎರಡು ಬೆಳೆ ಭತ್ತ ಹಾಕಿದರು, ಕೊನೆ ಭಾಗದ ಮಾನ್ವಿ, ರಾಯಚೂರಿನವರು ಒಣ ನಾಲೆ ನೋಡುತ್ತಾ ಕುಳಿತರು. ತಗ್ಗಿನ ಜಮೀನು ಸವಳಾಯಿತು.

ಹುಲ್ಲು? ಯಂತ್ರದಲ್ಲಿ ಕಟಾವು ಮಾಡಿ ಎಷ್ಟೋ ಕಡೆ ಗದ್ದೆಯಲ್ಲೇ ಬೆಂಕಿ ಹಚ್ಚುತ್ತಾರೆ. ಆ ಹೊಗೆ ಕಂಡಾಗಲೆಲ್ಲ ನಿಮ್ಮ ಹಸುಗಳು ನೆನಪಾಗುತ್ತವೆ.

ತೂಬಿನ ಲೆಕ್ಕ

ಇದೇ ಕಾಯಿಲೆಗೆ ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೀರಾ ನಾಲೆಯ ಕೆಲಸದ ಕಾಲಕ್ಕೇ ಮದ್ದು ಹುಡುಕಿದ್ದರು. ಬ್ಲಾಕ್ ಪದ್ಧತಿ. ಹಳ್ಳಿಯ ಜಮೀನನ್ನು ಭಾಗ ಮಾಡಿ, ಒಂದು ಭಾಗಕ್ಕೆ ಕಬ್ಬು, ಒಂದಕ್ಕೆ ಭತ್ತ, ಇನ್ನೊಂದಕ್ಕೆ ರಾಗಿಯಂಥ ಬೆಳೆ, ವರ್ಷ ವರ್ಷ ಸುತ್ತು ಬದಲು. ನೀರು ಹೆಚ್ಚು ಹಳ್ಳಿಗೆ ಹಂಚಿಕೆಯಾಗುತ್ತದೆ, ನೆಲವೂ ಕೆಡುವುದಿಲ್ಲ. ಕಾವೇರಿ ಬಯಲಿಗೂ ಅದನ್ನೇ ತಂದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಪದ್ಧತಿ ಕಡತದಲ್ಲಿ ಮಾತ್ರ ಉಸಿರಾಡುತ್ತಿತ್ತು. ರಾಗಿಯ ಭಾಗವನ್ನು ಎಲ್ಲರೂ ಮೊದಲು ಬಿಟ್ಟರು. ಡಾಕ್ಟರು ಹೇಳಿದ ಹುಲ್ಲು ಹೋದದ್ದು ಅಲ್ಲಿಯೇ.

ಹಳ್ಳಿಕಾರ್ ಅಭಿಮಾನಿ

ಎಲ್ಲರೂ ಹಸುವನ್ನೇ ಹಿಡಿದಿದ್ದೀರಿ, ಎತ್ತನ್ನು ಮರೆತಿರಿ. ನಾಲೆ ಬಂದ ಮೊದಲ ನಲವತ್ತು ವರ್ಷ ಬೇಕಾಗಿದ್ದದ್ದು ಎತ್ತು. ಕೆಸರು ಗದ್ದೆ ಉಳಲು, ಕಬ್ಬಿನ ಗಾಡಿ ಎಳೆಯಲು, ಆಲೆಮನೆಯ ಗಾಣ ತಿರುಗಿಸಲು. ಹಳ್ಳಿಕಾರ್ ಹಸುವನ್ನು ಸಾಕುತ್ತಿದ್ದದ್ದು ಹೋರಿಗರುವಿಗಾಗಿ. ಅದು ಕೊಡುತ್ತಿದ್ದ ಲೀಟರು, ಎರಡು ಲೀಟರು ಹಾಲು ಕರುವಿಗೇ ಹೋಗುತ್ತಿತ್ತು. ಅಜ್ಜಿಯ ಮಜ್ಜಿಗೆ ತತ್ವಾರಕ್ಕೆ ಇದೇ ಕಾರಣ. ಅದರ ಮೇಲೆ ಗೋಮಾಳ, ಬೀಳು ಎಲ್ಲ ಒಂದೊಂದಾಗಿ ಗದ್ದೆಯಾಯಿತು. ದನ ಮೇಯಲು ಹೋಗುವುದೆಲ್ಲಿಗೆ?

ಟ್ರ್ಯಾಕ್ಟರು ಬಂತು, ಎತ್ತು ಹೋಯಿತು. ಖಾಲಿಯಾದ ಅದೇ ಗೂಟಕ್ಕೆ ಸೀಮೆಹಸು ಬಂದು ನಿಂತಿತು. ನನಗೆ ಹೊಟ್ಟೆಯುರಿ ಇದೆ, ಮುಚ್ಚಿಡುವುದಿಲ್ಲ.

ಚುಕ್ಕಿ ಇಟ್ಟವನು

ವಿಷಯಕ್ಕೆ ಬರೋಣ. ಕನ್ನಂಬಾಡಿ ಕಟ್ಟೆಗೆ ಮೊದಲು ಮಂಡ್ಯ ಬರಡು ನೆಲವಾಗಿತ್ತು, ಒಂದು ಹನಿ ನೀರಾವರಿ ಇರಲಿಲ್ಲ. ಅದನ್ನು ಮರೆಯಬಾರದು.

ತೂಬಿನ ಲೆಕ್ಕ

ತಪ್ಪು. ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಎಲ್ಲ ಕಟ್ಟೆಗಿಂತ ಎಷ್ಟೋ ಹಳೆಯವು, ಒಡೆಯರ ಕಾಲದವು. ಶ್ರೀರಂಗಪಟ್ಟಣದ ಸುತ್ತ ಆಗಲೇ ಗದ್ದೆಯಿತ್ತು. ಬರಡಾಗಿದ್ದದ್ದು ಮಂಡ್ಯ, ಮದ್ದೂರು, ಮಳವಳ್ಳಿಯ ಎತ್ತರದ ಭಾಗ. ಅಲ್ಲಿಯೂ ಕೆರೆಗಳಿದ್ದವು.

ಚುಕ್ಕಿ ಇಟ್ಟವನು

ಹಾಗಾದರೆ ಕಟ್ಟೆಯ ಮೊದಲ ಕಲ್ಲು ಯಾರದ್ದು ಎಂಬ ಚರ್ಚೆಯನ್ನೂ ತೆಗೆಯೋಣವೇ?

ನಿರ್ವಾಹಕ

ಬೇಡ. ಆ ಚರ್ಚೆಗೆ ಬೇರೆ ಎಳೆ ಇದೆ, ಅದಕ್ಕೆ ಬೀಗ ಹಾಕಿ ಎರಡು ವರ್ಷವಾಯಿತು. ಇಲ್ಲಿ ಹಾಲು, ನೀರು ಮಾತ್ರ. ಎರಡನ್ನೂ ಬೆರೆಸಬೇಡಿ.

ಕಾರ್ಯದರ್ಶಿ

ಮೂವತ್ತು ವರ್ಷ ಹಳ್ಳಿಯ ಡೇರಿಯಲ್ಲಿ ಹಾಲು ಅಳೆದವನು ನಾನು. ಜನ ಹಸು ಕಟ್ಟಿದ್ದು ಮೇವಿಗಾಗಿ ಅಲ್ಲ, ಬಟವಾಡೆಗಾಗಿ.

ಕಬ್ಬು ನೆಟ್ಟರೆ ಹನ್ನೆರಡು, ಹದಿನಾಲ್ಕು ತಿಂಗಳು ಕಾಯಬೇಕು. ಆಮೇಲೆ ಕಟಾವಿನ ಆದೇಶಕ್ಕೆ ಕಾಯಬೇಕು, ಆಮೇಲೆ ಹಣಕ್ಕೆ. ನನ್ನ ಸ್ವಂತ ನಲವತ್ತು ಟನ್ನಿನ ದುಡ್ಡು ಒಂದು ಕಾರ್ಖಾನೆಯಿಂದ ಬರುವಷ್ಟರಲ್ಲಿ ಕೂಳೆ ಕಬ್ಬು ಎದೆಯೆತ್ತರ ಬೆಳೆದಿತ್ತು. ಭತ್ತ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ದುಡ್ಡು ತೋರಿಸುತ್ತದೆ. ಹಾಲಿನ ದುಡ್ಡು ಹಾಗಲ್ಲ, ಜಿಡ್ಡು, ಡಿಗ್ರಿ ನೋಡಿ ಬರೆದಿಟ್ಟರೆ ಬಟವಾಡೆಯ ದಿನ ಕೈಗೆ. ನಾಲೆ ಬಯಲಿನ ರೈತನಿಗೂ ಗೊಬ್ಬರ, ಕೂಲಿ, ಶಾಲೆಯ ಶುಲ್ಕಕ್ಕೆ ನಗದು ಬೇಕಲ್ಲ? ಸಾಲ ಮಾಡಿ ಗದ್ದೆ ನಾಟಿ ಮಾಡುತ್ತಿದ್ದವನು ಹಾಲಿನ ದುಡ್ಡಿನಲ್ಲಿ ನಾಟಿ ಮಾಡಲು ಶುರು ಮಾಡಿದ.

ಮಂಡ್ಯದಲ್ಲೂ ಕೋಲಾರದಲ್ಲೂ ಒಟ್ಟಿಗೆ ಬಂದದ್ದು ಮೂರು. ಊರೂರಿಗೆ ಸಂಘ, ಹಾಲು ಒಯ್ಯುವ ಲಾರಿ, ಕೃತಕ ಗರ್ಭಧಾರಣೆ. 1974ರ ನಂತರ ವಿಶ್ವಬ್ಯಾಂಕಿನ ನೆರವಿನಲ್ಲಿ, ಗುಜರಾತಿನ ಆನಂದ್ ಸಹಕಾರಿ ಮಾದರಿಯಲ್ಲಿ. ನಾಲೆ ಇದ್ದ ಊರು, ಇಲ್ಲದ ಊರು ಎಂದು ಅವರು ನೋಡಲಿಲ್ಲ. ಗೆಜ್ಜಲಗೆರೆ ಡೇರಿಗೆ ಹೋಗುವ ಲಾರಿ ನಾಗಮಂಗಲದ ಹಾಲನ್ನೂ ಒಯ್ದಿತು, ಮದ್ದೂರಿನದನ್ನೂ ಒಯ್ದಿತು.

ಹಾಲಿನ ಕ್ಯಾನು

2013ರಲ್ಲಿ ಸರ್ಕಾರ ಲೀಟರಿಗೆ ಪ್ರೋತ್ಸಾಹಧನ ಶುರು ಮಾಡಿತು, ಅದನ್ನೂ ಸೇರಿಸಿ.

ಕಾರ್ಯದರ್ಶಿ

ಶುರುವಾದದ್ದು 2008ರಲ್ಲಿ, 2 ರೂಪಾಯಿ. 2013ರಲ್ಲಿ 4 ಆಯಿತು, 2016ರಲ್ಲಿ 5. ಪಾಸ್‌ ಪುಸ್ತಕ ಬರೆದ ಕೈ ಇದು, ಮರೆಯುವುದಿಲ್ಲ.

ಕೊಟ್ಟಿಗೆಯ ಸೊಸೆ

ಇಷ್ಟು ಹೊತ್ತು ಓದುತ್ತಿದ್ದೆ. ನೀರು, ಹುಲ್ಲು, ಎತ್ತು, ಲಾರಿ, ಬಟವಾಡೆ ಎಲ್ಲ ಬಂತು. ಹಾಲು ಕರೆದವರು ಯಾರು ಎಂದು ಯಾರೂ ಬರೆಯಲಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಿಂಡಿ ಬೂಸಾ ಕಲಸಿ, ಕರೆದು, ಡೇರಿಗೆ ಹಾಕಿ ಬಂದು ಆಮೇಲೆ ಮಕ್ಕಳನ್ನು ಎಬ್ಬಿಸುವವಳು ನಾನು. ನನ್ನ ತವರು ಮಾಲೂರು, ಗಂಡನ ಮನೆ ಮಳವಳ್ಳಿ. ಎರಡೂ ಕಡೆ ಹಸು ಕಟ್ಟಿದ್ದೇನೆ. ತವರಿನಲ್ಲಿ ನೀರು ಹೊತ್ತು ಸೊಂಟ ಬಿದ್ದುಹೋಗುತ್ತಿತ್ತು. ಟ್ಯಾಂಕರಿಗೆ ದುಡ್ಡು ಕೊಟ್ಟು ಹಸುವಿಗೆ ನೀರು ಕುಡಿಸಿದ್ದೇವೆ. ಇಲ್ಲಿ ನೀರಿನ ಚಿಂತೆ ಇಲ್ಲ. ಆದರೆ ಇಲ್ಲಿ ನಾಟಿಗೂ ನಾನೇ, ಕಳೆಗೂ ನಾನೇ, ಕೊಟ್ಟಿಗೆಗೂ ನಾನೇ. ನಾಲೆಗೆ ನೀರು ಬಿಟ್ಟ ದಿನ ಗಂಡಸರಿಗೆ ಹಬ್ಬ, ನನಗೆ ಎರಡು ಪಾಳಿ.

ಒಂದು ವ್ಯತ್ಯಾಸ ಮಾತ್ರ ಇದೆ. ಭತ್ತದ ದುಡ್ಡು ಮಾವನವರ ಕೈಗೆ, ಕಬ್ಬಿನ ದುಡ್ಡು ಯಜಮಾನರ ಖಾತೆಗೆ. ನಮ್ಮೂರಿನಲ್ಲಿರುವುದು ಮಹಿಳಾ ಸಂಘ, ಹಾಲಿನ ದುಡ್ಡು ನನ್ನ ಖಾತೆಗೆ ಬೀಳುತ್ತದೆ. ಕಟ್ಟೆ ಕಟ್ಟಿದ ಪುಣ್ಯಾತ್ಮರಿಗೆ ಕೈ ಮುಗಿಯುತ್ತೇನೆ, ಆದರೆ ಆ ಖಾತೆ ಕಟ್ಟೆಯಿಂದ ಬರಲಿಲ್ಲ.

ಗದ್ದೆ ಗೌಡ

ಅಕ್ಕ, ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಹಸು ಕರೆಯುವವಳು ನನ್ನ ಹೆಂಡತಿ. "ಒಂದು ರೂಪಾಯಿ ಕೊಟ್ಟು ಮೇವು ತಂದವನಲ್ಲ ನಾನು" ಎಂದು ಮೇಲೆ ಬರೆದಿದ್ದನ್ನು ಅವಳಿಗೆ ಓದಿ ಹೇಳಿದೆ. ಹುಲ್ಲು ಕೊಯ್ಯುವ ಕುಡುಗೋಲು ತಂದು ಮುಂದೆ ಇಟ್ಟಳು.

ಕಣಿವೆ ಮಾರಮ್ಮ

ಹಿರಿಯೂರಿನಿಂದ. ನಮ್ಮ ವಾಣಿವಿಲಾಸ ಸಾಗರ ಕನ್ನಂಬಾಡಿಗಿಂತ ಹಳೆಯದು, 1907ಕ್ಕೇ ಮುಗಿದಿತ್ತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಮಧ್ಯೆ 89 ವರ್ಷ. ಅಷ್ಟರಲ್ಲಿ ತೆಂಗು, ಅಡಿಕೆ ಒಣಗಿದವರು ಎಷ್ಟೋ ಮಂದಿ. ಕಟ್ಟೆ ಇದ್ದರಾಯಿತೇ, ಮಳೆಯೂ ಬರಬೇಕು.

ಭತ್ತದ ಕಣಜ

ಗೇಟೂ ಗಟ್ಟಿಯಿರಬೇಕು. 2024ರ ಆಗಸ್ಟ್‌ನಲ್ಲಿ ನಮ್ಮ 19ನೇ ಗೇಟು ಕೊಚ್ಚಿಹೋದ ರಾತ್ರಿ ನಾವು ಯಾರೂ ಮಲಗಲಿಲ್ಲ.

ಕುಷ್ಕಿ ಹೊಲ

ಕಟ್ಟೆ ತುಂಬದ ವರ್ಷ ಏನಾಗುತ್ತದೆ ಎಂಬುದನ್ನೂ ಬರೆಯಿರಿ. 2023ರಲ್ಲಿ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆ ವರ್ಷ ನಾಲೆ ಬಯಲಿನ ನನ್ನ ಭಾವ ಮೊದಲ ಸಲ ನಮ್ಮ ಮನೆಗೆ ಹುಲ್ಲು ಕೇಳಿಕೊಂಡು ಬಂದರು. ಅದಕ್ಕೂ ಮುಂಚೆ ಪ್ರತಿ ವರ್ಷ ನಾವು ಅವರ ಮನೆಗೆ ಅಕ್ಕಿಗೆ ಹೋಗುತ್ತಿದ್ದೆವು. ಆ ವರ್ಷ ಅವರ ಮನೆಯನ್ನು ನಡೆಸಿದ್ದು ಎರಡು ಹಸು.

ನಾಲೆಬದಿಯವನು

ಎಲ್ಲರಿಗೂ ಧನ್ಯವಾದ. ಅಧ್ಯಕ್ಷರ ಮನೆಗೆ ಹೋಗಿ ಇಡೀ ಎಳೆಯನ್ನು ಓದಿ ಹೇಳಿದೆ. ಎತ್ತಿನ ಭಾಗಕ್ಕೆ ತಲೆದೂಗಿದರು, ಬಟವಾಡೆಗೆ ಹೌದು ಎಂದರು, ಆದರೆ ಸಾಲು ಬಿಡಲು ಒಪ್ಪಲಿಲ್ಲ. "ಕಟ್ಟೆಯ ಹೆಸರಿಲ್ಲದೆ ಮಂಡ್ಯದಲ್ಲಿ ಸಂಚಿಕೆಯೇ?" ಎಂದರು. ಒಳಗಿನಿಂದ ಅವರ ಮನೆಯವರು "ಹಾಲು ಕರೆದವರ ಹೆಸರಿಲ್ಲದೆ ಡೇರಿ ಸಂಚಿಕೆಯೇ?" ಎಂದು ಕೇಳಿದರು. ಅಧ್ಯಕ್ಷರು ಸ್ವಲ್ಪ ಹೊತ್ತು ಮೊಬೈಲ್ ನೋಡಿದರು.

ಕೊನೆಗೆ ನಿಂತದ್ದು ಹೀಗೆ: "ಕನ್ನಂಬಾಡಿ ಕಟ್ಟೆ ನಮ್ಮೂರಿಗೆ ಅಕ್ಕಿ ಕೊಟ್ಟಿತು, ಬೆಲ್ಲ ಕೊಟ್ಟಿತು. ಹಾಲನ್ನು ಕೊಟ್ಟವರು ನಮ್ಮೂರ ಹೆಣ್ಣುಮಕ್ಕಳು." ಅದರ ಕೆಳಗೆ ಸಂಘದ ಮೊದಲ ವರ್ಷ ಹಾಲು ಹಾಕಿದ ಹೆಂಗಸರ ಪಟ್ಟಿ. ನನ್ನ ಅಜ್ಜಿಯ ಹೆಸರು ಮೂರನೆಯದು. ಮೊದಲ ದಿನ ಅವರು ಹಾಕಿದ್ದು ಒಂದೂವರೆ ಲೀಟರು.

ಹಳ್ಳಿಕಾರ್ ಅಭಿಮಾನಿ

ಎತ್ತಿಗೆ ಒಂದು ಸಾಲಾದರೂ ಇದೆಯೇ?

ನಾಲೆಬದಿಯವನು

ನಾಲ್ಕನೇ ಪುಟದಲ್ಲಿ ಫೋಟೋ ಇದೆ.

ಗದ್ದೆ ಗೌಡ

ನಾಗಮಂಗಲದವರೇ, ರಾಗಿ ಹುಲ್ಲು ಈಗ ಸಿಗುತ್ತದೆಯೇ? ಒಂದು ಟ್ರ್ಯಾಕ್ಟರ್ ಬೇಕಿತ್ತು. ಕೇಳು ಎಂದದ್ದು ನಾನಲ್ಲ, ಮನೆಯವಳು.

ಕುಷ್ಕಿ ಹೊಲ

ಸಿಗುತ್ತದೆ. ಬರುವಾಗ ಖಾಲಿ ಟ್ರ್ಯಾಕ್ಟರ್ ತರಬೇಡಿ, ಎರಡು ಮೂಟೆ ಅಕ್ಕಿ ಹಾಕಿಕೊಂಡು ಬನ್ನಿ.